ಹದಿನೇಳು ದಿನಗಳ ಲೆಕ್ಕ

1984ರ ಮೇ 12. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಎಂಬ ಊರಿನಲ್ಲಿ ಮಹಿಳೆಯರ ಮ್ಯಾರಥಾನ್ ಆಯ್ಕೆ ಓಟ. ಮೊದಲ ಮೂವರಿಗೆ ಮಾತ್ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅವಕಾಶ. ಹಿಂದೆ ಯಾರು ಏನು ಗೆದ್ದಿದ್ದರು ಎಂಬುದು ಲೆಕ್ಕಕ್ಕಿಲ್ಲ. ಆ ದಿನ ಓಡಬೇಕು, ಮೂರರೊಳಗೆ ಬರಬೇಕು, ಅಷ್ಟೇ. ಅದಕ್ಕೆ ಸರಿಯಾಗಿ 17 ದಿನ ಮೊದಲು, ಏಪ್ರಿಲ್ 25ರಂದು, ಜೋನ್ ಬೆನೊಯ್ಟ್ ಬಲ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು.

ಈಕೆ ಸಾಮಾನ್ಯ ಓಟಗಾರ್ತಿಯಲ್ಲ. ಹಿಂದಿನ ವರ್ಷವಷ್ಟೇ ಬಾಸ್ಟನ್‌ನಲ್ಲಿ 2 ಗಂಟೆ 22 ನಿಮಿಷ 43 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದವರು. ಅದೂ ಅಲ್ಲದೆ, ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಇಡುತ್ತಿದ್ದದ್ದೇ ಅದು ಮೊದಲ ಸಲ. 1980ರ ಮಾಸ್ಕೋ ಕೂಟದವರೆಗೂ ಅವರಿಗೆ 1500 ಮೀಟರೇ ಅತಿ ದೂರದ ಓಟ! ಹೆಂಗಸರ ಮೈ ಅದಕ್ಕಿಂತ ಹೆಚ್ಚು ತಡೆಯದು ಎಂದು ದೊಡ್ಡವರೇ ನಂಬಿದ್ದರು. ನಮ್ಮ ಹಳ್ಳಿಗಳಲ್ಲಿ ತಲೆಯ ಮೇಲೆ ಕೊಡ ಹೊತ್ತು ನಡೆಯುವವರನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ.

ಮಾರ್ಚ್‌ನಲ್ಲಿ ದೂರದ ಅಭ್ಯಾಸ ಓಟವೊಂದರ ನಡುವೆ ಬೆನೊಯ್ಟ್‌ರ ಮೊಣಕಾಲು ಹಿಡಿದುಕೊಂಡಿತು. ಓಡುವುದಿರಲಿ, ನಡೆದೇ ಹಿಂತಿರುಗಬೇಕಾಯಿತು. ಇಂಜೆಕ್ಷನ್ ಕೊಟ್ಟರು, ವಿಶ್ರಾಂತಿ ಹೇಳಿದರು. ಸ್ವಲ್ಪ ದಿನ ಸುಮ್ಮನಿದ್ದ ನೋವು ಮತ್ತೆ ಬಂತು. ಕೊನೆಗೆ ಒರೆಗಾನ್ ರಾಜ್ಯದ ಯೂಜೀನ್‌ನಲ್ಲಿ ಡಾ. ಸ್ಟ್ಯಾನ್ ಜೇಮ್ಸ್ ಆರ್ತ್ರೋಸ್ಕೊಪಿ ಮಾಡಿದರು. ಮೊಣಕಾಲನ್ನು ದೊಡ್ಡದಾಗಿ ಕೊಯ್ಯದೆ, ಸಣ್ಣ ರಂಧ್ರದಿಂದ ನಳಿಗೆ ತೂರಿಸಿ ಒಳಗೆ ನೋಡಿಕೊಂಡೇ ರಿಪೇರಿ ಮಾಡುವ ವಿಧಾನವಿದು. ಒಳಗೆ ನಾರಿನಂಥ ಪಟ್ಟಿಯೊಂದು ಕೀಲಿಗೆ ಅಡ್ಡವಾಗಿ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಕತ್ತರಿಸಿ ತೆಗೆದರು.

ಇನ್ನು ಹದಿನೇಳು ದಿನ. ಎರಡು ಮೂರು ವಾರ ಸುಮ್ಮನೆ ಮಲಗಿದರೆ ಎಂಥ ಓಟಗಾರರಿಗೂ ದಮ್ಮು ಇಳಿಯುತ್ತದೆ. ಕಾಲಿಗೆ ವಿಶ್ರಾಂತಿ ಬೇಕು, ಹೃದಯಕ್ಕೆ ಕೆಲಸ ಬೇಕು. ಬೆನೊಯ್ಟ್ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟವಾಯಿತು: ವ್ಯಾಯಾಮದ ಸೈಕಲ್ಲಿನ ಪೆಡಲನ್ನು ಕೈಯಿಂದ ತುಳಿಯುವುದು! ತುಳಿಯುವುದೆಂದರೆ ತಪ್ಪಾಗುತ್ತದೆ, ತಿರುಗಿಸುವುದು. ದುಡಿಯುತ್ತಿರುವುದು ಕೈಯೋ ಕಾಲೋ ಎಂಬುದು ಹೃದಯಕ್ಕೆ ಅಷ್ಟೊಂದು ಮುಖ್ಯವಲ್ಲ. ರಕ್ತ ಬೇಕೆಂದು ಸ್ನಾಯು ಕೇಳಿದರೆ ಅದು ಹೊಡೆದುಕೊಳ್ಳುತ್ತದೆ, ಶ್ವಾಸಕೋಶ ಜೊತೆಗೂಡುತ್ತದೆ. ಈಗ ಕಾಲು ನೋಯಿಸಿಕೊಂಡ ಓಟಗಾರರು ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು ಆಳದ ನೀರಿನಲ್ಲಿ ಓಡುವುದೂ ಇದೇ ಲೆಕ್ಕಾಚಾರದಿಂದ. ಪಾದ ನೆಲಕ್ಕೆ ತಾಗುವುದಿಲ್ಲ, ಮೊಣಕಾಲಿಗೆ ಪೆಟ್ಟಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬೆನೊಯ್ಟ್ ಅವಸರ ಮಾಡಿದರು. ವಾರದೊಳಗೇ ಓಡಲು ಶುರುಮಾಡಿ, ಬಲಗಾಲನ್ನು ಕಾಪಾಡಲು ಹೋಗಿ ಎಡಗಾಲಿಗೆ ಭಾರ ಹಾಕಿದರು. ಎಡತೊಡೆಯ ಹಿಂಭಾಗದ ಸ್ನಾಯು ಎಳೆದುಕೊಂಡಿತು. ಒಂದು ಕಾಲಿನ ಸಾಲ ಇನ್ನೊಂದರ ಖಾತೆಗೆ ಬಂದ ಹಾಗೆ. ಉಳಿದ ದಿನಗಳಲ್ಲಿ ಗಂಟೆಗಟ್ಟಲೆ ವಿದ್ಯುತ್ ಚಿಕಿತ್ಸೆ. ಈ ಭಾಗವನ್ನು ಮಾತ್ರ ಯಾರೂ ಅನುಕರಿಸಬಾರದು. ಅವರಿಗೆ ಒಗ್ಗಿದ್ದು ಶಾಲೆಯ ಕ್ರೀಡಾಕೂಟದ ಹುಡುಗರಿಗೆ ಒಗ್ಗುವುದಿಲ್ಲ.

ಮೇ 12ರಂದು ಅವರು ಓಟ ಪೂರೈಸಿದ ಸಮಯ 2 ಗಂಟೆ 31 ನಿಮಿಷ 4 ಸೆಕೆಂಡು. ತಮ್ಮ ದಾಖಲೆಗಿಂತ ಎಂಟು ನಿಮಿಷಕ್ಕೂ ಹೆಚ್ಚು ನಿಧಾನ. ಆದರೂ ಮೊದಲ ಸ್ಥಾನ. ನಾಲ್ಕು ದಿನ ಕಳೆದರೆ 27ನೇ ಹುಟ್ಟುಹಬ್ಬ.

ಆಗಸ್ಟ್ 5ರ ಬೆಳಿಗ್ಗೆ ಲಾಸ್ ಏಂಜಲೀಸ್‌ನಲ್ಲಿ, ಐದು ಕಿಲೋಮೀಟರ್ ಆಗುವ ಹೊತ್ತಿಗೇ ಬೆನೊಯ್ಟ್ ಗುಂಪು ಬಿಟ್ಟು ಮುಂದೆ ಹೋದರು. ಬಿಸಿಲಿಗೆ ಸೋತು ಹಿಂದೆ ಬೀಳುತ್ತಾರೆಂದು ಉಳಿದವರು ಬೆನ್ನಟ್ಟಲಿಲ್ಲ. ಬೀಳಲಿಲ್ಲ. 2 ಗಂಟೆ 24 ನಿಮಿಷ 52 ಸೆಕೆಂಡಿಗೆ ಚಿನ್ನ. ನಾರ್ವೆಯ ಗ್ರೇಟ ವೈಟ್ಸ್ 86 ಸೆಕೆಂಡು ಹಿಂದೆ. ನಮ್ಮಲ್ಲಿ ಇದನ್ನು ನೆನಪಿಟ್ಟವರು ಕಡಿಮೆ. ಮೂರೇ ದಿನದಲ್ಲಿ ಅದೇ ಕೂಟದಲ್ಲಿ ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರಲ್ಲ, ಆ ಸಂಕಟದ ಮುಂದೆ ಬೇರೆಲ್ಲ ಮರೆತುಹೋಯಿತು.

2008ರಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆ ಓಟ ಬಾಸ್ಟನ್‌ನಲ್ಲಿ ನಡೆಯಿತು. ಅಲ್ಲೂ ಬೆನೊಯ್ಟ್ ಇದ್ದರು, 50ರ ವಯಸ್ಸಿನಲ್ಲಿ. ಗೆಲ್ಲಲಿಲ್ಲ. 2 ಗಂಟೆ 49 ನಿಮಿಷದಲ್ಲಿ ಓಟ ಮುಗಿಸಿದರು, ಅವೇ ಎರಡು ಮೊಣಕಾಲುಗಳ ಮೇಲೆ.