ಪಹಣಿಯಲ್ಲಿ ಉಳಿದ ಆಣೆ

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಾಗ ಆಣೆಗೆ ಅಧಿಕೃತ ವಿದಾಯ ಹೇಳಲಾಯಿತು. ಆದರೂ 25 ಪೈಸೆಯ ನಾಣ್ಯ ಜನರ ಬಾಯಲ್ಲಿ ನಾಲ್ಕಾಣೆಯಾಗಿಯೇ ಉಳಿಯಿತು. 2011ರ ಜೂನ್ 30ರ ನಂತರ ಆ ನಾಣ್ಯವೂ ಚಲಾವಣೆಯಿಂದ ಮರೆಯಾಯಿತು. ಇನ್ನು ಆಣೆ ಉಳಿದಿರುವುದು ‘ಹದಿನಾರಾಣೆ ಸತ್ಯ’ ಎಂಬ ಮಾತಿನಲ್ಲಷ್ಟೇ ಎಂದುಕೊಳ್ಳುವ ನಗರವಾಸಿಗಳು ತಮ್ಮ ಊರಿನ ಜಮೀನಿನ ಪಹಣಿಯನ್ನೊಮ್ಮೆ ತೆರೆದು ನೋಡಬೇಕು.

ವಿಸ್ತೀರ್ಣದ ಕಾಲಂನಲ್ಲಿ ಎಕರೆ, ಗುಂಟೆಗಳ ಮುಂದೆ ಬರುವ ಅಂಕಿ ಆಣೆಯದು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಬ್ರಿಟಿಷರ ಕಾಲದ ಮೋಜಣಿಯಲ್ಲಿ ಬಳಕೆಗೆ ಬಂದ ಸರಪಳಿಯ ಉದ್ದ 33 ಅಡಿ. ಅಷ್ಟೇ ಉದ್ದ, ಅಷ್ಟೇ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಬೆಂಗಳೂರಿನ ‘ಥರ್ಟಿ ಫಾರ್ಟಿ’ ನಿವೇಶನ ಇದಕ್ಕಿಂತ ತುಸು ದೊಡ್ಡದು. ಗುಂಟೆಯನ್ನು ಹದಿನಾರು ಪಾಲು ಮಾಡಿದರೆ ಆಣೆಗೆ ದಕ್ಕುವುದು ಸುಮಾರು 68 ಚದರ ಅಡಿ, ಒಂದು ಸಣ್ಣ ಅಡುಗೆಮನೆಯಷ್ಟು ಜಾಗ. ಇಷ್ಟಕ್ಕಾಗಿಯೇ ದಾಯಾದಿಗಳು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವುದುಂಟು.

1956ರ ತೂಕ ಮತ್ತು ಅಳತೆಗಳ ಕಾಯ್ದೆ ಸೇರು, ಮಣ, ತೊಲಗಳನ್ನು ಅಂಗಡಿಗಳಿಂದ ಹೊರಹಾಕಿತು. ನೆಲದ ವಿಷಯದಲ್ಲಿ ಅದು ಅಷ್ಟು ಸುಲಭವಾಗಲಿಲ್ಲ. ಅಕ್ಕಿ ತಿಂದು ಮುಗಿಯುತ್ತದೆ, ಹೊಲ ಮುಗಿಯುವುದಿಲ್ಲ. ತಾತನ ವಿಭಾಗಪತ್ರ, ತಂದೆಯ ಕ್ರಯಪತ್ರ, ಮಗನ ಸಾಲದ ದಾಖಲೆ ಎಲ್ಲವೂ ಒಂದೇ ಅಳತೆಯಲ್ಲಿ ತಾಳೆಯಾಗಬೇಕು. ಒಂದು ಗುಂಟೆಯನ್ನು ಮೆಟ್ರಿಕ್‌ಗೆ ತಂದರೆ 101.17 ಚದರ ಮೀಟರ್. ದಶಮಾಂಶ ಬಿಂದುವಿನಾಚೆಯ ಆ ಚೂರು ಯಾರಿಗೆ ಸೇರಬೇಕು? ಹೀಗಾಗಿ, 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಆಣೆಯೂ ಜೊತೆಗೆ ಏರಿತು. ಇದನ್ನು ಜಡತ್ವ ಎನ್ನುವುದು ಅವಸರದ ತೀರ್ಮಾನ.

ಆತಂಕವಿರುವುದು ಬೇರೆಡೆ. ಗಡಿ ವಿವಾದ ಬಂದಾಗ ಅಂತಿಮವಾಗಿ ನೋಡಬೇಕಾದುದು ಪಹಣಿಯನ್ನಲ್ಲ, ಮೋಜಣಿಯ ಮೂಲ ಟಿಪ್ಪಣಿಯನ್ನು. ಸರಪಳಿ ಹಿಡಿದವರು ಕೈಯಲ್ಲಿ ಬರೆದಿಟ್ಟ ನಕ್ಷೆ, ಅಂಕಿಗಳನ್ನು. ಇಂದಿನ ಕಿತ್ತೂರು ಕರ್ನಾಟಕದ ಹಳೆಯ ದಾಖಲೆಗಳಲ್ಲಂತೂ ಮೋಡಿ ಲಿಪಿಯೂ ಎದುರಾಗುತ್ತದೆ. ಅದನ್ನು ಓದಬಲ್ಲವರು ಈಗ ವಿರಳ. ಡ್ರೋನ್ ಹೊಲದ ಇಂದಿನ ಅಂಚನ್ನು ಕರಾರುವಾಕ್ಕಾಗಿ ತೋರಿಸಬಹುದು, ಆ ಅಂಚು ಯಾವಾಗ ಒತ್ತುವರಿಯಾಯಿತು ಎಂಬುದನ್ನಲ್ಲ. ಪುಡಿಯಾಗುತ್ತಿರುವ ಟಿಪ್ಪಣಿಗಳನ್ನು ಸ್ಕ್ಯಾನ್ ಮಾಡಲು ಹಣ ಒದಗಿಸುವ ಸರ್ಕಾರ, ಅವನ್ನು ಓದುವ ವಿದ್ಯೆಯನ್ನೂ ಹೊಸ ಭೂಮಾಪಕರಿಗೆ ಕಲಿಸಬೇಕು. ಬಲ್ಲವರು ಇರುವಾಗಲೇ ಕಲಿಸಬೇಕು.