ಬಿಸಿಲಿಗೆ ಹೆದರಿ ಟೈರ್ ಗಾಳಿ ಇಳಿಸಬೇಡಿ

ಮುದಗಲ್, ಲಿಂಗಸುಗೂರು, ಸಿಂಧನೂರು ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾವಿಗೆ ಟೈರ್ ಒಡೆದೀತೆಂದು ಹಲವರು ನಾಲ್ಕೈದು ಪಾಯಿಂಟ್ ಗಾಳಿ ಕಡಿಮೆ ಹಾಕಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಭಾಗ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಒಳಗಿನಿಂದಲೇ ಕಾಯುತ್ತದೆ. ಶ್ರವಣಬೆಳಗೊಳಕ್ಕೋ ದೂರದ ಮದುವೆಗೋ ಮನೆಮಂದಿಯೆಲ್ಲ ಕುಳಿತು, ಸಾಮಾನು ತುಂಬಿ, ಹೆದ್ದಾರಿಯಲ್ಲಿ ಜೋರಾಗಿ ಹೋಗುವಾಗ ಇಂಥ ಟೈರ್ ಒಡೆಯುವ ಅಪಾಯವೇ ಹೆಚ್ಚು.

ಕಾರು ರಸ್ತೆಯನ್ನು ಹಿಡಿದುಕೊಳ್ಳುವುದು ಒಂದೊಂದು ಟೈರಿನ ಸುಮಾರು ಅಂಗೈಯಷ್ಟು ಜಾಗದಿಂದ ಮಾತ್ರ. ಗಾಳಿ ಕಡಿಮೆಯಿದ್ದರೆ ಭಾರ ಅಂಚುಗಳ ಮೇಲೆ ಬಿದ್ದು, ಸ್ಟೇರಿಂಗ್ ತಿರುಗಿಸಿದರೂ ಕಾರು ತಡವಾಗಿ ತಿರುಗುತ್ತದೆ. ವಿಪರೀತ ಹೆಚ್ಚಾದರೆ ನಡುಭಾಗವಷ್ಟೇ ತಾಗಿ ಕಾರು ಪುಟಿಯುತ್ತದೆ, ಹಿಡಿತವೂ ತಗ್ಗುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್‌ಗಳು ಗದ್ದೆಯಿಂದ ರಸ್ತೆಗೆ ತಂದ ಎರೆಮಣ್ಣು ಹಸಿಯಾಗಿದ್ದರಂತೂ ಗಾಳಿ ಸರಿಯಿದ್ದರೂ ನಿಧಾನವೇ ಲೇಸು.

ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ಹಾಕಿಸಬಾರದು. ಐದು ಜನ ಮತ್ತು ಸಾಮಾನು ಇದ್ದರೆ ಹಿಂದಿನ ಟೈರಿಗೆ ಬೇರೆ ಅಂಕಿ ಇರುವುದುಂಟು. ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ಅಳೆಯಬೇಕು. ಓಡಿದ ಮೇಲೆ ಮೂರ್ನಾಲ್ಕು ಪಾಯಿಂಟ್ ಏರುವುದು ಸಹಜ. ಚೀಟಿಯ ಅಂಕಿ ಅದನ್ನು ಲೆಕ್ಕ ಹಿಡಿದೇ ಕೊಟ್ಟದ್ದು. ದಾರಿಯ ಬಂಕಿನಲ್ಲಿ ಅದನ್ನು ಇಳಿಸಿಕೊಳ್ಳಬೇಡಿ. ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ, ಅದನ್ನು ಮರೆಯುವವರೇ ಬಹಳ.