ಗ್ರಾಮಗಳ ಒಣಕಸ ನಿರ್ವಹಣೆಗೆ ಸರ್ಕಾರದ ಅನುದಾನ: ಪಡೆಯುವ ಕ್ರಮ ಮತ್ತು ಪಡೆದ ನಂತರದ ಹೊಣೆ

ಊರಿನ ಕಸ ವಿಲೇವಾರಿಗೆ ಅನುದಾನ ಮಂಜೂರು ಮಾಡುವಂತೆ ಕೋರಿ ಯುವಕ ಸಂಘಗಳು, ಮಹಿಳಾ ಸ್ವಸಹಾಯ ಗುಂಪುಗಳು ಹಾಗೂ ದೇವಸ್ಥಾನ ಸಮಿತಿಗಳಿಂದ ಸರ್ಕಾರಕ್ಕೆ ನೇರವಾಗಿ ಮನವಿಗಳು ಬರುತ್ತಿರುತ್ತವೆ. ಸದರಿ ಮನವಿಗಳನ್ನು ನಿಯಮಾನುಸಾರ ಪರಿಶೀಲಿಸಲು ಜಿಲ್ಲಾ ಪಂಚಾಯತಿಗೂ, ಅಲ್ಲಿಂದ ತಾಲ್ಲೂಕು ಪಂಚಾಯತಿಗೂ, ಕೊನೆಗೆ ಸಂಬಂಧಪಟ್ಟ ಗ್ರಾಮ ಪಂಚಾಯತಿಗೂ ಕಳುಹಿಸಲಾಗುತ್ತದೆ. ಅಂದರೆ, ಅರ್ಜಿದಾರರ ಮನೆಯ ಸಮೀಪದ ಕಚೇರಿಗೆ ಸಲ್ಲಬೇಕಾದ ಕಾಗದವು ಬೆಂಗಳೂರಿಗೆ ಬಂದು, ಮೂರು ಕಚೇರಿಗಳ ಮುದ್ರೆ ಹೊತ್ತು, ತಿಂಗಳುಗಳ ಬಳಿಕ ಅದೇ ಊರಿಗೆ ಮರಳುತ್ತದೆ. ಅಷ್ಟರಲ್ಲಿ ಆ ವರ್ಷದ ಕ್ರಿಯಾ ಯೋಜನೆಗೆ ಅನುಮೋದನೆ ದೊರೆತು ಮುಗಿದಿರುತ್ತದೆ. ಈ ಕಾಲಹರಣವನ್ನು ತಪ್ಪಿಸುವ ಸಲುವಾಗಿ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ. ಇವು ಗ್ರಾಮೀಣ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತವೆ. ಪಟ್ಟಣ ಮತ್ತು ನಗರಗಳ ನಿವಾಸಿಗಳು ತಮ್ಮ ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ ಅಥವಾ ನಗರಪಾಲಿಕೆಯನ್ನು ಸಂಪರ್ಕಿಸತಕ್ಕದ್ದು.

ಅನುದಾನ ಯಾರ ಹೆಸರಿಗೆ ಬರುತ್ತದೆ

ಗ್ರಾಮದ ನೈರ್ಮಲ್ಯವು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯತಿಯ ಪ್ರಕಾರ್ಯವಾಗಿದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಅದುವರೆಗೆ ನಗರ ಪ್ರದೇಶಕ್ಕೆ ಸೀಮಿತವಾಗಿದ್ದ ಹೊಣೆಯನ್ನು ಗ್ರಾಮಗಳಿಗೂ ವಿಸ್ತರಿಸಿದವು. ಆದುದರಿಂದ ಈ ಬಾಬ್ತಿನ ಅನುದಾನವು ಗ್ರಾಮ ಪಂಚಾಯತಿಯ ಯೋಜನೆಯ ಮೂಲಕವೇ ವೆಚ್ಚವಾಗಬೇಕು. ಸಂಘ-ಸಂಸ್ಥೆಗಳ ಖಾತೆಗೆ ಇದನ್ನು ನೇರವಾಗಿ ಜಮಾ ಮಾಡಲು ಅವಕಾಶ ಇರುವುದಿಲ್ಲ.

ಹಾಗೆಂದು ಸಂಘಗಳಿಗೆ ಇದರಲ್ಲಿ ಪಾತ್ರವಿಲ್ಲವೆಂದು ಭಾವಿಸಬಾರದು. ಹಣ ಪಂಚಾಯತಿಯದು, ಆದರೆ ಬೇಡಿಕೆ ಹುಟ್ಟಬೇಕಾದದ್ದು ವಾರ್ಡ್ ಸಭೆಯಲ್ಲಿ. ವಾರ್ಡ್ ಸಭೆಯಲ್ಲಿ ಮಂಡಿತವಾಗಿ ಗ್ರಾಮ ಸಭೆಯಲ್ಲಿ ಅಂಗೀಕಾರಗೊಂಡ ಬೇಡಿಕೆಯನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲಾಗುತ್ತದೆ. ಮುಂದಿನ ಆರ್ಥಿಕ ವರ್ಷದ ಯೋಜನೆಯ ತಯಾರಿಯು ಸಾಮಾನ್ಯವಾಗಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ ಎಚ್ಚೆತ್ತು ಅರ್ಜಿ ಸಲ್ಲಿಸುವವರು ಒಂದು ವರ್ಷ ಕಾಯಬೇಕಾಗಬಹುದು. ಬೇಡಿಕೆಯನ್ನು ಲಿಖಿತವಾಗಿ ನೀಡಿ, ಪಂಚಾಯತಿಯಿಂದ ಸ್ವೀಕೃತಿ ಪಡೆದು, ಸಭೆಯ ನಡವಳಿ ಪುಸ್ತಕದಲ್ಲಿ ಅದು ದಾಖಲಾಗಿದೆಯೇ ಎಂಬುದನ್ನು ಕೂಡಲೇ ಖಚಿತಪಡಿಸಿಕೊಳ್ಳುವುದು ಸೂಕ್ತ. ಸಭೆಯಲ್ಲಿ ಎದ್ದು ನಿಂತು ಆಡಿದ ಮಾತು ನಡವಳಿಯಲ್ಲಿ ಇಲ್ಲದಿದ್ದರೆ, ಕಡತದ ಮಟ್ಟಿಗೆ ಅದು ಆಡದ ಮಾತೇ ಸರಿ.

ಅನುದಾನದ ಮೊತ್ತ ಹೇಗೆ ನಿರ್ಧಾರವಾಗುತ್ತದೆ

ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಯೋಜನೆಯು 2014ರ ಅಕ್ಟೋಬರ್ 2ರಂದು ಆರಂಭಗೊಂಡಿತು. ಮೊದಲ ಹಂತದ ಮುಖ್ಯ ಗುರಿ ಶೌಚಾಲಯವಾಗಿತ್ತು. 2020-21ರಲ್ಲಿ ಆರಂಭವಾದ ಎರಡನೇ ಹಂತದಲ್ಲಿ ಘನ ಮತ್ತು ದ್ರವ ತ್ಯಾಜ್ಯ ನಿರ್ವಹಣೆಗೆ ಪ್ರಾಧಾನ್ಯ ನೀಡಲಾಯಿತು. ಎರಡನೇ ಹಂತದ ಮಾರ್ಗಸೂಚಿಯಲ್ಲಿ 5,000ದವರೆಗಿನ ಜನಸಂಖ್ಯೆಯ ಗ್ರಾಮಕ್ಕೆ ಘನತ್ಯಾಜ್ಯದ ಬಾಬ್ತು ತಲಾ 60 ರೂ.ಗಳವರೆಗೆ, ಅದಕ್ಕಿಂತ ಹೆಚ್ಚಿನ ಜನಸಂಖ್ಯೆಯ ಗ್ರಾಮಕ್ಕೆ ತಲಾ 45 ರೂ.ಗಳವರೆಗೆ ನಿಗದಿಪಡಿಸಲಾಯಿತು. ಬಚ್ಚಲು ಮತ್ತು ಅಡುಗೆಮನೆಯ ಬೂದು ನೀರಿನ ನಿರ್ವಹಣೆಗೆ ಈ ಮಿತಿ ಅನುಕ್ರಮವಾಗಿ ತಲಾ 280 ರೂ. ಮತ್ತು 660 ರೂ. ಇವೆಲ್ಲ ಗರಿಷ್ಠ ಮಿತಿಗಳೇ ಹೊರತು, ಪ್ರತಿ ಗ್ರಾಮಕ್ಕೂ ತಾನಾಗಿ ದೊರೆಯುವ ಮೊತ್ತವಲ್ಲ.

ಉದಾಹರಣೆಗೆ, 4,000 ಜನಸಂಖ್ಯೆಯ ಗ್ರಾಮವೊಂದನ್ನು ತೆಗೆದುಕೊಳ್ಳೋಣ. ಘನತ್ಯಾಜ್ಯಕ್ಕೆ ಗರಿಷ್ಠ 2,40,000 ರೂ. ಇದರಲ್ಲಿ ಶೇ. 30ನ್ನು, ಎಂದರೆ 72,000 ರೂ.ಗಳನ್ನು ಗ್ರಾಮ ಪಂಚಾಯತಿಯು ತನ್ನ ಪಾಲಿನ 15ನೇ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕಾಗಿತ್ತು. ಉಳಿದ 1,68,000 ರೂ. ಮಿಷನ್‌ನಿಂದ, ಅದರಲ್ಲಿ ಕೇಂದ್ರದ ಪಾಲು ಶೇ. 60ರಂತೆ 1,00,800 ರೂ., ರಾಜ್ಯದ ಪಾಲು ಶೇ. 40ರಂತೆ 67,200 ರೂ. ಪಂಚಾಯತಿಯು ತನ್ನ ಪಾಲನ್ನು ಯೋಜನೆಯಲ್ಲಿ ತೋರಿಸದಿದ್ದರೆ ಪ್ರಸ್ತಾವನೆ ಅಪೂರ್ಣವೆಂದು ಹಿಂದಿರುಗುತ್ತದೆ. 15ನೇ ಹಣಕಾಸು ಆಯೋಗದ 2021-22ರಿಂದ 2025-26ರವರೆಗಿನ ಅವಧಿಯಲ್ಲಿ ಪಂಚಾಯತಿಗಳ ಅನುದಾನದ ಶೇ. 60ರಷ್ಟು ನಿರ್ಬಂಧಿತವಾಗಿದ್ದು, ಅದರ ಅರ್ಧಭಾಗ ನೈರ್ಮಲ್ಯಕ್ಕೆಂದೇ ಮೀಸಲಾಗಿತ್ತು. ಹೀಗಿರುವಾಗ ಆ ಅವಧಿಯಲ್ಲಿ ಪಂಚಾಯತಿಯ ಪಾಲಿಗೆ ಹಣದ ಮೂಲವೇ ಇರಲಿಲ್ಲವೆಂಬ ಮಾತನ್ನು ಒಪ್ಪುವುದು ಕಷ್ಟ. ಆಯಾ ವರ್ಷದಲ್ಲಿ ಜಾರಿಯಲ್ಲಿರುವ ದರ ಮತ್ತು ಪಾಲಿನ ಪ್ರಮಾಣವನ್ನು ತಾಲ್ಲೂಕು ಪಂಚಾಯತಿಯಲ್ಲಿ ಕೇಳಿ ತಿಳಿದ ನಂತರವೇ ಅಂದಾಜುಪಟ್ಟಿ ಸಿದ್ಧಪಡಿಸತಕ್ಕದ್ದು.

ಈ ಲೆಕ್ಕದಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, 4,900 ಜನರಿರುವ ಗ್ರಾಮಕ್ಕೆ ಘನತ್ಯಾಜ್ಯದ ಮಿತಿ 2,94,000 ರೂ. ಆದರೆ, 5,100 ಜನರಿರುವ ಗ್ರಾಮಕ್ಕೆ ಅದು 2,29,500 ರೂ. ಮಾತ್ರ. ಗಡಿಯಂಚಿನ ಗ್ರಾಮಗಳವರಿಗೆ ಇದು ಅನ್ಯಾಯವೆಂದು ತೋರಬಹುದಾದರೂ ಮಾರ್ಗಸೂಚಿಯ ದರವನ್ನು ಕೆಳಹಂತದ ಕಚೇರಿಯಲ್ಲಿ ಸಡಿಲಿಸಲಾಗದು. ಎರಡನೆಯದು, ಘನ ಮತ್ತು ದ್ರವ ತ್ಯಾಜ್ಯ ಎರಡಕ್ಕೂ ಸೇರಿ ಯಾವುದೇ ಗ್ರಾಮವು ಕನಿಷ್ಠ 1 ಲಕ್ಷ ರೂ.ಗಳನ್ನು ಬಳಸಲು ಅವಕಾಶ ಕಲ್ಪಿಸಲಾಯಿತು. 200 ಜನರಿರುವ ಮಲೆನಾಡಿನ ಗ್ರಾಮಕ್ಕೆ ತಲಾವಾರು ಲೆಕ್ಕದಲ್ಲಿ ಬರುವುದು 68,000 ರೂ. ಮಾತ್ರ. ಅಂತಹ ಚಿಕ್ಕ ಗ್ರಾಮಗಳವರು ಈ ಅವಕಾಶವನ್ನು ಅಗತ್ಯವಾಗಿ ಗಮನಿಸಬೇಕು.

ಇದಲ್ಲದೆ ತಾಲ್ಲೂಕಿಗೊಂದರಂತೆ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ಘಟಕಕ್ಕೆ 16 ಲಕ್ಷ ರೂ.ಗಳವರೆಗೆ ಅದೇ ಮಾರ್ಗಸೂಚಿಯಲ್ಲಿ ಅವಕಾಶ ನೀಡಲಾಯಿತು.

ಜಾಗ

ಹಣಕ್ಕಿಂತ ಮೊದಲು ತೊಡಕಾಗುವುದು ಜಾಗ. ಕಸ ವಿಂಗಡಣಾ ಘಟಕ ಬೇಕೆಂದು ಸಭೆಯಲ್ಲಿ ಕೈಯೆತ್ತಿದವರೇ, ತಮ್ಮ ಹೊಲದ ಪಕ್ಕದಲ್ಲಿ ಅದು ಬರುತ್ತದೆಂದು ತಿಳಿದ ಕೂಡಲೇ ತಕರಾರು ಅರ್ಜಿ ಸಲ್ಲಿಸುವುದು ಅಪರೂಪವೇನಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 71ನೇ ಪ್ರಕರಣದಡಿ ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರಿ ಜಮೀನನ್ನು ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಪಂಚಾಯತಿಯ ಕೋರಿಕೆ, ಪಹಣಿ ಮತ್ತು ನಕ್ಷೆಗಳು ತಹಶೀಲ್ದಾರರ ವರದಿಯೊಂದಿಗೆ ಹೋಗಬೇಕು. ಕೆರೆಯಂಗಳ, ಹಳ್ಳದ ದಂಡೆ, ಶಾಲೆಯ ಆವರಣ ಇವುಗಳನ್ನು ತೋರಿಸಿ ಕಾಲ ಕಳೆಯಬಾರದು. ಒಣಕಸವನ್ನಷ್ಟೇ ತಂದು ವಿಂಗಡಿಸಿ ಸಾಗಿಸುವ ಶೆಡ್ಡಿಗೂ, ಬಯಲಿನಲ್ಲಿ ಕಸ ಸುರಿಯುವ ತಿಪ್ಪೆಗೂ ಇರುವ ವ್ಯತ್ಯಾಸವನ್ನು ನೆರೆಹೊರೆಯವರಿಗೆ ಮೊದಲೇ ಮನದಟ್ಟು ಮಾಡಿಸಿದ ಕಡೆ ಆಕ್ಷೇಪಣೆಗಳು ಕಡಿಮೆಯಾಗುತ್ತವೆ. ಸಾಧ್ಯವಿದ್ದಲ್ಲಿ ಈಗಾಗಲೇ ನಡೆಯುತ್ತಿರುವ ಘಟಕವೊಂದಕ್ಕೆ ಅವರನ್ನು ಕರೆದೊಯ್ದು ತೋರಿಸುವುದು ಒಳ್ಳೆಯದು.

ಘಟಕವನ್ನು ನಡೆಸುವ ಖರ್ಚು

ಅರ್ಜಿದಾರರು ಅತ್ಯಂತ ಎಚ್ಚರಿಕೆಯಿಂದ ಓದಬೇಕಾದ ಭಾಗವಿದು. ಮೇಲ್ಕಂಡ ಅನುದಾನವು ಮುಖ್ಯವಾಗಿ ಶೆಡ್, ವಾಹನ, ಗೊಬ್ಬರದ ಗುಂಡಿ, ಸಲಕರಣೆ ಮುಂತಾದ ಆಸ್ತಿಗಳಿಗೆ ಸಂಬಂಧಿಸಿದ್ದು. ಚಾಲಕರ ಸಂಬಳ, ಡೀಸೆಲ್, ವಾಹನದ ವಿಮೆ, ಕೈಗವಸು, ವಿದ್ಯುತ್ ಬಿಲ್ಲು ಇವು ಪ್ರತಿ ತಿಂಗಳ ಖರ್ಚುಗಳು. ಬಂಡವಾಳದ ಹಣ ಒಮ್ಮೆ ಬರುತ್ತದೆ. ಚಾಲ್ತಿ ಖರ್ಚು ತಿಂಗಳ ಒಂದನೇ ತಾರೀಖಿಗೆ ತಪ್ಪದೆ ಬಾಗಿಲು ತಟ್ಟುತ್ತದೆ. ಈ ಎರಡನೆಯದಕ್ಕೆ ವ್ಯವಸ್ಥೆ ಮಾಡದೆ ಕಟ್ಟಿದ ಘಟಕಗಳಲ್ಲಿ ಉದ್ಘಾಟನೆಯ ಫಲಕ ಹೊಳೆಯುತ್ತಿದ್ದರೂ ವಾಹನವು ಪಂಚಾಯತಿ ಕಚೇರಿಯ ಹಿಂದೆ ಟೈರು ಇಳಿದು ನಿಂತಿರುತ್ತದೆ. ಎರಡನೇ ಸಲ ಅನುದಾನ ಕೇಳಿ ಬಂದಾಗ ಆ ವಾಹನದ ಕುರಿತೇ ಮೊದಲ ಪ್ರಶ್ನೆ ಎದ್ದರೆ ಅಚ್ಚರಿಪಡಬೇಕಾಗಿಲ್ಲ.

ಚಾಲ್ತಿ ಖರ್ಚಿಗೆ ಮುಖ್ಯ ಆಧಾರ ಮನೆ ಮತ್ತು ಅಂಗಡಿಗಳಿಂದ ಸಂಗ್ರಹಿಸುವ ಬಳಕೆದಾರರ ಶುಲ್ಕ. ಲೆಕ್ಕದ ಅನುಕೂಲಕ್ಕಾಗಿ 1,000 ಮನೆಗಳಿರುವ ಪಂಚಾಯತಿಯು ಮನೆಯೊಂದಕ್ಕೆ ತಿಂಗಳಿಗೆ 30 ರೂ. ನಿಗದಿಪಡಿಸಿದೆ ಎಂದಿಟ್ಟುಕೊಳ್ಳೋಣ. ಎಲ್ಲರೂ ಕೊಟ್ಟರೆ 30,000 ರೂ.; ಅರ್ಧದಷ್ಟು ಮನೆಯವರು ಮಾತ್ರ ಕೊಟ್ಟರೆ 15,000 ರೂ. ಎರಡನೆಯ ಸಂದರ್ಭದಲ್ಲಿ ಚಾಲಕರೊಬ್ಬರ ವೇತನ ಮತ್ತು ಇಂಧನವನ್ನು ಸರಿದೂಗಿಸುವುದೇ ಕಷ್ಟ. ವಿಂಗಡಿಸುವವರಿಗೆ ಏನೂ ಉಳಿಯುವುದಿಲ್ಲ. ಈ ಅಂಕಿಗಳು ಕೇವಲ ಉದಾಹರಣೆ. ನಿಜವಾದ ದರವನ್ನು ಆಯಾ ಪಂಚಾಯತಿಯು ನಿರ್ಣಯದ ಮೂಲಕ ಗೊತ್ತುಪಡಿಸುತ್ತದೆ. ಹೋಟೆಲು, ಕಲ್ಯಾಣ ಮಂಟಪ, ಕೋಳಿ ಅಂಗಡಿಗಳಿಗೆ ಪ್ರತ್ಯೇಕ ದರ ವಿಧಿಸುವುದು ನ್ಯಾಯವೂ ಹೌದು, ಲಾಭದಾಯಕವೂ ಹೌದು.

ವಿಂಗಡಿಸಿದ ಕಸದ ಮಾರಾಟದಿಂದ ಬರುವ ಆದಾಯದ ಬಗ್ಗೆ ಉತ್ಪ್ರೇಕ್ಷಿತ ನಿರೀಕ್ಷೆ ಇರಬಾರದು. ರಟ್ಟು, ಕಬ್ಬಿಣ, ನೀರಿನ ಬಾಟಲಿಗಳಿಗೆ ಬೆಲೆಯಿದೆ. ಆದರೆ ಇವುಗಳಲ್ಲಿ ಒಳ್ಳೆಯ ಪಾಲು ಪಂಚಾಯತಿಯ ವಾಹನ ಬರುವ ಮೊದಲೇ ಮನೆ ಬಾಗಿಲಿನಲ್ಲಿ ಗುಜರಿಯವರಿಗೆ ಮಾರಾಟವಾಗಿರುತ್ತದೆ. ಘಟಕಕ್ಕೆ ಹೆಚ್ಚಾಗಿ ಬರುವುದು ಬಿಸ್ಕತ್ತು, ಚಿಪ್ಸು, ಶಾಂಪೂ ಪೊಟ್ಟಣಗಳಂತಹ ಬಹುಪದರದ ಪ್ಲಾಸ್ಟಿಕ್. ಅದಕ್ಕೆ ಕೊಳ್ಳುವವರು ವಿರಳ. ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಇಂಧನವಾಗಿ ಕಳುಹಿಸಲು ಸಾಧ್ಯವಿದೆಯಾದರೂ ಸಾಗಣೆ ವೆಚ್ಚ ತಗಲುತ್ತದೆ. ಈ ಕಾರಣದಿಂದಲೇ ಹಲವು ಪಂಚಾಯತಿಗಳ ಒಣಕಸವನ್ನು ಒಂದೆಡೆ ಸೇರಿಸುವ ದೊಡ್ಡ ಘಟಕಗಳು ಹೆಚ್ಚು ಉಪಯುಕ್ತವಾಗಿವೆ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಇಂತಹ ಘಟಕವನ್ನು ಸ್ಥಾಪಿಸಲಾಗಿದ್ದು, ಸುತ್ತಲಿನ ಹಲವಾರು ಗ್ರಾಮ ಪಂಚಾಯತಿಗಳ ಒಣಕಸಕ್ಕಾಗಿ ಅದನ್ನು ರೂಪಿಸಲಾಗಿದೆ. ನಿಮ್ಮ ಪಂಚಾಯತಿಯ ಸಮೀಪ ಅಂತಹ ಘಟಕವಿದ್ದಲ್ಲಿ ಸ್ವಂತ ಯಂತ್ರೋಪಕರಣ ಕೋರುವ ಬದಲು ಸಂಗ್ರಹಣೆ ಮತ್ತು ಪ್ರಾಥಮಿಕ ವಿಂಗಡಣೆಗೆ ಮಾತ್ರ ಅಂದಾಜು ಸಲ್ಲಿಸುವುದು ವಿವೇಕ.

ಮಹಿಳಾ ಒಕ್ಕೂಟಗಳ ಪಾತ್ರ

ಕರ್ನಾಟಕದಲ್ಲಿ ಈ ಘಟಕಗಳನ್ನು ಸ್ವಚ್ಛ ಸಂಕೀರ್ಣವೆಂದೂ, ಕಸ ಸಂಗ್ರಹಿಸುವ ವಾಹನವನ್ನು ಸ್ವಚ್ಛ ವಾಹಿನಿ ಎಂದೂ ಕರೆಯಲಾಗುತ್ತದೆ. ಇವುಗಳ ನಿರ್ವಹಣೆಯನ್ನು ಸಂಜೀವಿನಿ ಯೋಜನೆಯಡಿ ರಚಿತವಾದ ಗ್ರಾಮ ಪಂಚಾಯತಿ ಮಟ್ಟದ ಮಹಿಳಾ ಒಕ್ಕೂಟಗಳಿಗೆ ವಹಿಸುವ ಪದ್ಧತಿಯಿದೆ. ಅನೇಕ ಕಡೆ ಚಾಲನಾ ತರಬೇತಿ ಪಡೆದ ಮಹಿಳೆಯರೇ ವಾಹನ ನಡೆಸುತ್ತಿದ್ದಾರೆ. ಹೀಗಾಗಿ ಸ್ವಸಹಾಯ ಗುಂಪಿನ ಸದಸ್ಯರು ಅನುದಾನಕ್ಕಾಗಿ ಪ್ರತ್ಯೇಕ ಅರ್ಜಿ ಹಾಕುವುದಕ್ಕಿಂತ ತಮ್ಮ ಒಕ್ಕೂಟದ ಮೂಲಕ ಪಂಚಾಯತಿಯೊಂದಿಗೆ ಒಡಂಬಡಿಕೆ ಮಾಡಿಕೊಳ್ಳಲು ಮುಂದಾಗತಕ್ಕದ್ದು.

ಒಡಂಬಡಿಕೆಗೆ ಸಹಿ ಹಾಕುವ ಮುನ್ನ ಒಕ್ಕೂಟದ ಪದಾಧಿಕಾರಿಗಳು ಕೆಲವು ಅಂಶಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಶುಲ್ಕ ವಸೂಲಾಗದ ತಿಂಗಳಲ್ಲಿ ಕೊರತೆಯನ್ನು ಯಾರು ಭರಿಸುತ್ತಾರೆ, ವಾಹನ ಕೆಟ್ಟರೆ ರಿಪೇರಿ ಯಾರದು, ಕೆಲಸಗಾರರಿಗೆ ಅಪಘಾತ ವಿಮೆ ಇದೆಯೇ, ಸೂಜಿ, ಗಾಜು, ಡಯಾಪರ್ ಮುಂತಾದವುಗಳನ್ನು ಪ್ರತ್ಯೇಕವಾಗಿ ಕೊಡದ ಮನೆಗಳ ಮೇಲೆ ಕ್ರಮ ಕೈಗೊಳ್ಳುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಒಡಂಬಡಿಕೆಯಲ್ಲಿ ಉತ್ತರವಿಲ್ಲದಿದ್ದರೆ, ಮುಂದೆ ಎಲ್ಲ ಹೊರೆಯೂ ದಿನಗೂಲಿ ನಂಬಿ ಬಂದ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಕೆಲಸಗಾರರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ನೀಡಲು ಯಾವ ಒಡಂಬಡಿಕೆಯೂ ಅವಕಾಶ ಕೊಡಲಾರದು. ಶುಲ್ಕದ ಹಣವನ್ನು ರಸೀದಿ ನೀಡಿಯೇ ಪಡೆದು, ಪ್ರತ್ಯೇಕ ಬ್ಯಾಂಕ್ ಖಾತೆಗೆ ಜಮಾ ಮಾಡಿ, ನಗದು ಪುಸ್ತಕ ಬರೆಯಬೇಕು. ಬರೆಯದ ಲೆಕ್ಕದ ಮೇಲೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಅದನ್ನು ತೀರುವಳಿ ಮಾಡಿಸುವುದು ಕಸ ವಿಂಗಡಿಸುವುದಕ್ಕಿಂತ ತ್ರಾಸದಾಯಕ.

ರಸ್ತೆ ಬದಿಯ ಕಸ

ಕಸದ ತೊಟ್ಟಿಗಳನ್ನು ಕೋರುವ ಮನವಿಗಳೇ ಹೆಚ್ಚು. ಮನೆ ಮನೆಯಿಂದ ಸಂಗ್ರಹಣೆ ಇಲ್ಲದ ಊರಿನಲ್ಲಿ ರಸ್ತೆ ಬದಿ ತೊಟ್ಟಿ ಇಟ್ಟರೆ, ಕೆಲವೇ ದಿನಗಳಲ್ಲಿ ತೊಟ್ಟಿಯ ಸುತ್ತಲೂ ತಿಪ್ಪೆ ಬೆಳೆಯುತ್ತದೆ. ಆದುದರಿಂದ ತೊಟ್ಟಿಗಿಂತ ಮೊದಲು ವಾಹನದ ದಿನ ಮತ್ತು ವೇಳೆಯನ್ನು ಗೊತ್ತುಪಡಿಸುವುದು ಲೇಸು. ಹಳ್ಳಿಗಳಲ್ಲಿ ಹಸಿಕಸವು ಬಹುಮಟ್ಟಿಗೆ ದನಕರುಗಳಿಗೋ ತಿಪ್ಪೆಗುಂಡಿಗೋ ಸೇರುವುದರಿಂದ ಒಣಕಸಕ್ಕೆ ವಾರಕ್ಕೆ ಒಂದೆರಡು ಬಾರಿ ವಾಹನ ಬಂದರೂ ಸಾಕಾಗುತ್ತದೆ. ಬಾರದ ವಾರವಿರಬಾರದು, ಅಷ್ಟೇ.

2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ ಮೊದಲಾದ ಏಕಬಳಕೆಯ ವಸ್ತುಗಳನ್ನು ದೇಶಾದ್ಯಂತ ನಿಷೇಧಿಸಲಾಗಿದೆ. ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂ., ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂ. ಪರಿಸರ ಪರಿಹಾರ ವಿಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಶುಲ್ಕ ಮತ್ತು ದಂಡದ ಉಪವಿಧಿಗಳನ್ನು ಅಂಗೀಕರಿಸದ ಪಂಚಾಯತಿಗಳಲ್ಲಿ ನಾಗರಿಕರು ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಮಂಡಿಸಬಹುದು.

ಅರ್ಜಿಯ ಸ್ಥಿತಿ ತಿಳಿಯುವ ಬಗೆ

ಬೇಡಿಕೆಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ಸಲ್ಲಿಸಬೇಕು. ಅನುಮೋದಿತ ಯೋಜನೆಯನ್ನು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾಗಿದೆ. ನಿಮ್ಮ ಕಾಮಗಾರಿಯ ಹೆಸರು ಮತ್ತು ಮೊತ್ತ ಅಲ್ಲಿಲ್ಲದಿದ್ದರೆ ಬಾಯಿಮಾತಿನ ಭರವಸೆಯನ್ನು ನೆಚ್ಚಿಕೊಂಡಿರಬೇಡಿ. ವಾಹನ ಮತ್ತು ಸಲಕರಣೆಗಳ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುವುದರಿಂದ, ಮಂಜೂರಾತಿಯ ನಂತರವೂ ಸ್ವಲ್ಪ ಕಾಲಾವಕಾಶ ಬೇಕಾಗುತ್ತದೆ.

ಗ್ರಾಮ ಪಂಚಾಯತಿಯಲ್ಲಿ ಸೂಕ್ತ ಉತ್ತರ ದೊರೆಯದಿದ್ದಲ್ಲಿ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ನಂತರ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಮನವಿಯೊಂದಿಗೆ ಗ್ರಾಮ ಸಭೆಯ ನಡವಳಿಯ ಪ್ರತಿ ಹಾಗೂ ಪಂಚಾಯತಿ ನೀಡಿದ ಸ್ವೀಕೃತಿಯ ಪ್ರತಿಯನ್ನು ಲಗತ್ತಿಸತಕ್ಕದ್ದು. ನಡವಳಿಯ ಪ್ರತಿಯನ್ನು ನೀಡಲು ನಿರಾಕರಿಸಿದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಉತ್ತರ ಪಡೆಯುವ ಹಕ್ಕು ಅರ್ಜಿದಾರರಿಗಿದೆ.